ಕೂರಿಸಿ ಕೆಲಸ ಕೊಟ್ಟವರಿಗೆ

ಕಳೆದ ಭಾನುವಾರ ನಾನೂ ನಮ್ಮ ಯಜಮಾನರೂ ತುಮಕೂರಿನಿಂದ ದೇವರಾಯನದುರ್ಗದವರೆಗೆ ಓಡಿಕೊಂಡು ಹೋದೆವು. ಸುಮಾರು 15 ಕಿಲೋಮೀಟರ್. ದಿನಾ ಓಡುವವರಿಗೆ ಇದೇನು ದೊಡ್ಡ ದೂರವಲ್ಲ. ಪದಕ ಇಲ್ಲ, ಟೀ ಶರ್ಟ್ ಇಲ್ಲ, ಫೋಟೋ ಹಿಡಿಯುವವರೂ ಇರಲಿಲ್ಲ. ಆದರೆ ಹೋದ ವರ್ಷ ಇದೇ ಹೊತ್ತಿಗೆ ಇವರು ಬಚ್ಚಲಿಗೆ ಹೋಗಲೂ ನನ್ನ ಹೆಗಲು ಹಿಡಿಯುತ್ತಿದ್ದರು. ಅಲ್ಲಿಂದ ಇಲ್ಲಿಗೆ ಬಂದದ್ದಕ್ಕೆ ತುಂಬಾ ಜನ ಕಾರಣ. ಎಲ್ಲರ ಮನೆಗೂ ಹೋಗಿ ಹೇಳಿ ಬರೋಣ ಅಂದುಕೊಂಡೆವು, ಆಗಲಿಲ್ಲ. ಅದಕ್ಕೇ ಈ ಬರಹ. ಹೆಸರು ಹಾಕಬೇಡಿ ಅಂತ ಕೆಲವರು ಮೊದಲೇ ಹೇಳಿದ್ದಾರೆ, ಹಾಗಾಗಿ ಯಾರ ಹೆಸರೂ ಇಲ್ಲ. ಓದಿದರೆ ನಿಮ್ಮ ಸಾಲು ಯಾವುದು ಅಂತ ನಿಮಗೇ ಗೊತ್ತಾಗುತ್ತದೆ.

ನಮ್ಮನ್ನು ಹತ್ತಿರದಿಂದ ಬಲ್ಲವರಿಗೆ ಗೊತ್ತು, ಇವರಿಗೆ ಓಟ, ನನಗೆ ಗಾಳ. ಮದುವೆಯಾದಾಗ ಎರಡೂ ಕಡೆಯವರು ಇದೇನು ಜೋಡಿ ಅಂತ ನಕ್ಕಿದ್ದರು. ನನ್ನ ತವರು ಕುಣಿಗಲ್ ತಾಲ್ಲೂಕು, ಮಾರ್ಕೋನಹಳ್ಳಿ ಜಲಾಶಯದ ಕಡೆ. ಅಪ್ಪನ ಪಕ್ಕ ಕೂತು ಗಾಳ ಹಾಕಿ ಬೆಳೆದವಳು ನಾನು. ಇವರದು ಗುಬ್ಬಿ ಕಡೆಯ ಹಳ್ಳಿ. ಮನೆಯೊಳಗೆ ಮೊಟ್ಟೆ ಕೂಡ ಬರುವುದಿಲ್ಲ. ಗಾಳದ ಕೋಲು ಹಿತ್ತಲಲ್ಲಿ ಇರಲಿ, ಮೀನು ಮಾತ್ರ ಗೇಟು ದಾಟಬಾರದು ಅಂತ ಅತ್ತೆ ಮೊದಲ ವಾರವೇ ಒಪ್ಪಂದ ಮಾಡಿಕೊಂಡರು. ಇವತ್ತಿಗೂ ಅದು ಮುರಿದಿಲ್ಲ. ಇಬ್ಬರಿಗೂ ಸಮನಾಗಿ ಇಷ್ಟವಾಗಿದ್ದು ಜಾತ್ರೆ ಒಂದೇ. ಯಾವ ಊರಲ್ಲಿ ತೇರು ಅಂದರೂ ಸ್ಕೂಟರ್ ಹತ್ತಿ ಹೊರಟುಬಿಡುತ್ತಿದ್ದೆವು.

ಹೋದ ವರ್ಷ ದೀಪಾವಳಿ ಆದ ಮೇಲೆ ಬೈಕಿಗೆ ನಾಯಿ ಅಡ್ಡ ಬಂತು. ಇವರ ಎಡ ಮಂಡಿಯೊಳಗೆ ಎಸಿಎಲ್ ಅನ್ನುವ ಲಿಗಮೆಂಟ್ ಪೂರ್ತಿ ಹರಿಯಿತು. ನಾಯಿಗೆ ಏನೂ ಆಗಲಿಲ್ಲ. ಆಪರೇಷನ್ ಆಯಿತು. ತೊಡೆಯ ಹಿಂಭಾಗದಿಂದ ಸ್ನಾಯುರಜ್ಜು ತೆಗೆದು, ಹರಿದ ಜಾಗಕ್ಕೆ ಕೂರಿಸಿದರು. ಆಮೇಲಿನದು ಬರೀ ಕಾಯುವ ಕೆಲಸ.

ಆಗ ಮನೆಗೆ ಬಂದವರಲ್ಲಿ ಎರಡು ಥರದವರಿದ್ದರು. ಒಂದು, ಹಣ್ಣು ತಂದು, ಕುರ್ಚಿಯ ತುದಿಯಲ್ಲಿ ಕೂತು, ‘ಅಯ್ಯೋ ಪಾಪ’ ಅಂದು ಹೋದವರು. ಅವರಿಗೂ ಋಣಿ, ಹಣ್ಣು ನಾವೇ ತಿಂದಿದ್ದೇವೆ. ‘ಇನ್ನು ಓಡೋದೆಲ್ಲ ಮರೆತುಬಿಡಿ ಬಿಡಿ, ವಯಸ್ಸೂ ಆಯ್ತಲ್ಲ’ ಅಂದವರೂ ಒಬ್ಬರಿದ್ದರು. ಅವರಿಗೂ ಥ್ಯಾಂಕ್ಸ್ ಹೇಳು ಅಂತಾರೆ ಇವರು. ನಾನು ಹೇಳುವುದಿಲ್ಲ.

ಇನ್ನೊಂದು, ಇವರಿಗೆ ಏನಾದರೂ ಕೆಲಸ ಹಚ್ಚಿದವರು. ಈ ಬರಹ ಅವರಿಗೆ.

ಮೊದಲಿಗೆ ಫಿಸಿಯೋ ಮೇಡಂ. ನೀವು ಮನೆಗೆ ಬಂದ ದಿನ ಮೊದಲು ಮಾಡಿದ್ದು ಟವೆಲ್ ಸುತ್ತಿ ಮಂಡಿಯ ಕೆಳಗೆ ಇಟ್ಟು, ‘ಇದನ್ನ ಒತ್ತಿ, ತೊಡೆ ಬಿಗಿ ಮಾಡಿ’ ಅಂದದ್ದು. ಇವರಿಗೆ ಅವಮಾನವಾದಂತಾಯಿತು. ಇಷ್ಟು ವರ್ಷ ಓಡಿದವನಿಗೆ ಟವೆಲ್ ಒತ್ತುವ ಕೆಲಸವಾ ಅಂತ. ಒತ್ತಿದರೆ ತೊಡೆ ಅಲುಗಲೇ ಇಲ್ಲ. ಆಗ ಸುಮ್ಮನಾದರು. ನೀವು ಹೇಳಿದ್ದರಲ್ಲಿ ನನಗೆ ಮರೆಯದ ಮಾತು ಇನ್ನೊಂದಿದೆ. ನೋವು ಇರುವಾಗ ಜನ ತಾವಾಗೇ ಹುಷಾರಾಗಿರುತ್ತಾರೆ, ನೋವು ಹೋದ ಮೇಲೆಯೇ ಅಪಾಯ ಜಾಸ್ತಿ ಅಂದಿರಿ. ಎರಡು ಮೂರು ತಿಂಗಳ ಹೊತ್ತಿಗೆ ಊತ ಇಳಿದು ನಡಿಗೆ ಸರಿಯಾಗುತ್ತದೆ, ಆದರೆ ಒಳಗೆ ಕೂರಿಸಿದ ರಜ್ಜು ತುಂಬಾ ದುರ್ಬಲವಾಗಿರುವುದು ಆಗಲೇ. ಅದು ಗಟ್ಟಿಯಾಗಲು ತಿಂಗಳುಗಟ್ಟಲೆ ಬೇಕು. ಹಾರುವ, ತಿರುಗುವ ಆಟಗಳಿಗೆ 9 ತಿಂಗಳಾದರೂ ಕಾಯಬೇಕು. ಇದನ್ನು ನೀವು ಬಿಡಿಸಿ ಹೇಳದೆ ಇದ್ದಿದ್ದರೆ ಇವರು ಸಂಕ್ರಾಂತಿಗೇ ಶೂ ಕಟ್ಟುತ್ತಿದ್ದರು. ಒಂಟಿ ಕಾಲಲ್ಲಿ ಕುಪ್ಪಳಿಸಿ, ಎರಡೂ ಕಾಲಿನ ದೂರ ಅಳೆದು, ಆಪರೇಷನ್ ಆದ ಕಾಲು ಇನ್ನೊಂದರ 90% ಮುಟ್ಟುವ ತನಕ ನೀವು ದೇವರಾಯನದುರ್ಗದ ಮಾತೇ ಎತ್ತಲು ಬಿಡಲಿಲ್ಲ. ಆ ಟೇಪು ಇನ್ನೂ ನಮ್ಮ ಮನೆಯಲ್ಲೇ ಇದೆ ಮೇಡಂ.

ಅಮಾನಿಕೆರೆ ಏರಿಯ ಮೇಲೆ ಬೆಳಗ್ಗೆ ಓಡುವ ಗುಂಪಿನವರೇ, ನೀವು ಬಂದು ‘ಯಾವಾಗ ವಾಪಸ್ ಬರ್ತೀರಿ’ ಅಂತ ಕೇಳಲಿಲ್ಲ. ‘ಭಾನುವಾರ ಸ್ಟಾಪ್‌ವಾಚ್ ಹಿಡಿಯೋರು ಯಾರೂ ಇಲ್ಲ, ಬನ್ನಿ’ ಅಂದಿರಿ. ಮೊಬೈಲಿನಲ್ಲೇ ಎಲ್ಲ ಅಳೆಯುವ ಕಾಲದಲ್ಲಿ ಸ್ಟಾಪ್‌ವಾಚ್ ಯಾರಿಗೆ ಬೇಕಿತ್ತು? ಗೊತ್ತಿದ್ದೂ ಇವರು ಬಂದರು. ಕಲ್ಲು ಬೆಂಚಿನ ಮೇಲೆ ಕಾಲು ಚಾಚಿ ಕೂತು, ಒಬ್ಬೊಬ್ಬರ ಸುತ್ತಿನ ಸಮಯ ಕೂಗಿ ಕೂಗಿ ಹೇಳಿದರು. ಇವರನ್ನು ಸ್ಕೂಟರಿನಲ್ಲಿ ಕರೆತರುತ್ತಿದ್ದವಳು ನಾನು. ಸುಮ್ನೆ ನಿಂತು ಬೇಜಾರಾಗಿ ಒಂದು ದಿನ ನಾನೂ ನಡೆಯೋಕೆ ಶುರು ಮಾಡಿದೆ. ನಡೆದು, ಸ್ವಲ್ಪ ಓಡಿ, ಮತ್ತೆ ನಡೆದು. ನನ್ನ ಸಮಯವನ್ನೂ ಇವರು ಅಷ್ಟೇ ಜೋರಾಗಿ ಕೂಗುತ್ತಿದ್ದರು, ಮರ್ಯಾದೆ ಇಲ್ಲದೆ. ನನ್ನ ಜೊತೆ ಬೇಕಂತಲೇ ನಿಧಾನ ಓಡಿದ ಆ ಇಬ್ಬರು ನರ್ಸ್ ಅಕ್ಕಂದಿರಿಗೆ ವಿಶೇಷ ನಮಸ್ಕಾರ. ರಾತ್ರಿ ಪಾಳಿ ಮುಗಿಸಿ ನೇರ ಬರುತ್ತಿದ್ದಿರಿ ನೀವು.

ಶಿವರಾತ್ರಿಗೆ ಸಿದ್ಧಗಂಗೆ ಜಾತ್ರೆ. ವರ್ಷಾ ತಪ್ಪದೆ ಹೋಗುವವರು ನಾವು. ದನಗಳ ಜಾತ್ರೆಯಲ್ಲಿ ಒಂದು ಸುತ್ತು, ವಸ್ತುಪ್ರದರ್ಶನದಲ್ಲಿ ಒಂದು ಸುತ್ತು, ದಾಸೋಹದಲ್ಲಿ ಊಟ. ಈ ಸಲ ಆ ಧೂಳು, ಆ ಜನದ ನಡುವೆ ಬ್ರೇಸ್ ಹಾಕಿದ ಕಾಲಲ್ಲಿ ಹೇಗಪ್ಪಾ ಅಂತ ಹೆದರಿದ್ದೆ. ಹಳ್ಳಿಕಾರ್ ಎತ್ತುಗಳನ್ನು ಕಟ್ಟಿದ್ದ ಒಬ್ಬ ರೈತರು ಊರುಗೋಲು ನೋಡಿ ತಮ್ಮ ಪೆಂಡಾಲಿನೊಳಗೆ ಕರೆದು ಹುಲ್ಲಿನ ಪಿಂಡಿಯ ಮೇಲೆ ಕೂರಿಸಿದರು. ಕೂರಿಸಿ, ‘ನಾನು ಉಂಡು ಬರ್ತೀನಿ, ಎತ್ತು ನೋಡ್ಕೊಳ್ಳಿ, ರೇಟು ಕೇಳಿದ್ರೆ ಹೇಳ್ಬೇಡಿ’ ಅಂದು ಹೋಗಿಯೇಬಿಟ್ಟರು! ಗುರುತಿಲ್ಲ ಪರಿಚಯವಿಲ್ಲ. ಜೋಡಿಗೆ ಲಕ್ಷಗಟ್ಟಲೆ ಬಾಳುವ ಎತ್ತುಗಳು. ಇವರು ಎದೆ ಉಬ್ಬಿಸಿ ಕಾವಲು ಕೂತರು. ಆ ಯಜಮಾನರು ಇದನ್ನು ಓದುವುದು ಅನುಮಾನ. ಅವರ ಊರಿನವರು ಯಾರಾದರೂ ಓದಿದರೆ ತಿಳಿಸಿ: ಬಲಗಡೆ ಎತ್ತಿನ ಕೊಂಬಿಗೆ ಹಿತ್ತಾಳೆ ಗೊಣಸು, ಎಡಗಡೆಯದಕ್ಕೆ ಇರಲಿಲ್ಲ, ಅದು ಬಿದ್ದುಹೋಗಿತ್ತಂತೆ.

ಇವರ ಊರಿನ ತೇರು ಬಂದಿದ್ದು ಬೇಸಿಗೆಯಲ್ಲಿ. ಸಣ್ಣ ಊರು, ಸಣ್ಣ ತೇರು. ತಮಟೆ, ಅರೆವಾದ್ಯ, ನಂದಿಧ್ವಜ, ವೀರಗಾಸೆ ಎಲ್ಲ ಇರುತ್ತದೆ. ಹುಡುಗನಾಗಿದ್ದಾಗಿನಿಂದ ಇವರು ಮಿಣಿ, ಅಂದರೆ ತೇರೆಳೆಯುವ ಹಗ್ಗ, ಹಿಡಿದವರು. ಈ ವರ್ಷ ಡಾಕ್ಟರು ಬೇಡ ಅಂದರು. ಜನ ನುಗ್ಗಿದರೆ, ಕಾಲು ತಿರುಚಿದರೆ ಕಥೆ ಮುಗಿಯಿತು. ಇವರು ಊರಿಗೇ ಹೋಗುವುದಿಲ್ಲ ಅಂತ ಹಟ ಹಿಡಿದರು. ಮಿಣಿ ಹಿಡಿಯದವನು ತೇರು ನೋಡಿ ಏನು ಮಾಡಲಿ ಅಂತ. ಆಗ ಊರಿನ ಹಿರಿಯರೊಬ್ಬರು ಫೋನ್ ಮಾಡಿ, ಪಾನಕ ಮಜ್ಜಿಗೆಯ ಜವಾಬ್ದಾರಿ ನಿನ್ನದು, ಬೆಲ್ಲ ಕಡಿಮೆಯಾದರೆ ನಿನ್ನ ಹೆಸರು ಹಿಡಿದೇ ಬೈತಾರೆ ಅಂದರು. ಅಷ್ಟೇ. ಹಿಂದಿನ ದಿನವೇ ಹೋದೆವು. ಬೆಲ್ಲ ಕುಟ್ಟಿಸುವುದು, ಏಲಕ್ಕಿ, ಮೆಣಸು, ನಿಂಬೆಹಣ್ಣಿನ ಲೆಕ್ಕ, ಕೋಸಂಬರಿಗೆ ಹೆಸರುಬೇಳೆ ನೆನೆ ಹಾಕುವುದು. ಮಾರನೆಯ ದಿನ ಇವರು ಕುರ್ಚಿಯಲ್ಲಿ ಕೂತು ಸೌಟು ಹಿಡಿದರು. ಬಾಳೆಹಣ್ಣು ದವನ ಎಸೆದು ಬಂದವರೆಲ್ಲ ಇವರ ಮುಂದೆ ಲೋಟ ಚಾಚಿದರು. ನಾನು ನೋಡಿದಂತೆ ಮಿಣಿ ಹಿಡಿದ ವರ್ಷಗಳಿಗಿಂತ ಆ ದಿನ ಜಾಸ್ತಿ ಜನರನ್ನು ಮಾತಾಡಿಸಿದರು. ದೇವಸ್ಥಾನದ ಸಮಿತಿಯವರಿಗೆ, ಅಡುಗೆ ಕಟ್ಟೆಯ ಹೆಂಗಸರಿಗೆ, ಬಿಂದಿಗೆ ಹೊತ್ತ ಹುಡುಗರಿಗೆ ನಮಸ್ಕಾರ. ಬೆಲ್ಲ ಕಡಿಮೆಯಾಗಲಿಲ್ಲ ತಾನೆ?

ಇನ್ನು ಕೆರೆಯ ಕಡೆಯವರು. ಅವರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ನನ್ನ ವಿಷಯ ಅಲ್ವಾ.

ತವರಿನ ಹತ್ತಿರದ ಕೆರೆಯನ್ನು ಮೀನುಗಾರರ ಸಂಘದವರು ಗುತ್ತಿಗೆ ಹಿಡಿದಿದ್ದಾರೆ. ಅವರನ್ನು ಕೇಳಿಯೇ ಗಾಳ ಹಾಕುವುದು ಅಪ್ಪನ ಕಾಲದಿಂದ ಪದ್ಧತಿ. ಕಟ್ಲಾ, ರೋಹು, ಮೃಗಾಲ್ ಮರಿಗಳನ್ನು ಅವರು ದುಡ್ಡು ಕೊಟ್ಟು ತಂದು ಬಿಡುತ್ತಾರೆ. ನಿಂತ ನೀರಿನಲ್ಲಿ ಈ ಮೀನುಗಳು ಮರಿ ಮಾಡುವುದಿಲ್ಲ, ಪ್ರತಿ ಸಲ ಹೊಸದಾಗಿ ಬಿಡಲೇಬೇಕು. ಮೂರನ್ನೂ ಒಟ್ಟಿಗೆ ಬಿಡುವುದಕ್ಕೆ ಕಾರಣವಿದೆ. ಕಟ್ಲಾ ಮೇಲಿನ ನೀರಿನಲ್ಲಿ ಮೇಯುತ್ತದೆ, ರೋಹು ನಡುವೆ, ಮೃಗಾಲ್ ತಳದಲ್ಲಿ. ಒಂದರ ತುತ್ತಿಗೆ ಇನ್ನೊಂದು ಬಾಯಿ ಹಾಕುವುದಿಲ್ಲ. ಜಿಲೇಬಿ ಮೀನು (ತಿಲಾಪಿಯಾ) ಮಾತ್ರ ತಾನಾಗೇ ಹೆಚ್ಚುತ್ತಾ ಹೋಗುತ್ತದೆ, ಮೊಟ್ಟೆಯನ್ನು ಬಾಯಲ್ಲೇ ಇಟ್ಟುಕೊಂಡು ಕಾಯುವ ಮೀನು ಅದು. ಆದ್ದರಿಂದ ನಮ್ಮಂಥ ಗಾಳದವರಿಗೆ ‘ಜಿಲೇಬಿ ಎಷ್ಟಾದರೂ ಹಿಡ್ಕೊಳ್ಳಿ, ಕಟ್ಲಾ ಬಿದ್ದರೆ ವಾಪಸ್ ಬಿಡಿ’ ಅನ್ನುವ ಕರಾರು. ನ್ಯಾಯವಾದ ಕರಾರು.

ಇವರು ಮೊದಲು ನನ್ನ ಜೊತೆ ಬರುತ್ತಿರಲಿಲ್ಲ. ಅಲುಗಾಡದೆ ಕೂರುವುದು ಇವರಿಂದ ಆಗದ ಕೆಲಸ. ಈಗ ಬೇರೆ ದಾರಿ ಇರಲಿಲ್ಲ. ಅಪ್ಪ ಕಡಲೇಕಾಯಿ ಹಿಂಡಿ, ರಾಗಿ ಹಿಟ್ಟು ಕಲಸಿ ಉಂಡೆ ಮಾಡಿಕೊಟ್ಟರು. ಎರೆಹುಳು ಚುಚ್ಚಲು ಇವರಿಗೆ ಮನಸ್ಸಾಗಲಿಲ್ಲ, ಹಿಟ್ಟಿನಲ್ಲೇ ಕಾಲ ಹಾಕಿದರು. ಸಿಕ್ಕಿದ್ದನ್ನು ದಡದ ಮಕ್ಕಳಿಗೆ ಕೊಟ್ಟುಬಿಡುತ್ತಿದ್ದರು. ಸಂಘದವರು ಬಲೆ ಎಳೆಯುವ ದಿನ ಇವರನ್ನು ಹೊಂಗೆ ಮರದ ಕೆಳಗೆ ಕೂರಿಸಿ, ಪುಸ್ತಕ ಪೆನ್ನು ಕೈಗೆ ಕೊಟ್ಟರು. ಯಾವ ಬುಟ್ಟಿ ಎಷ್ಟು ಕೆಜಿ, ಯಾರಿಗೆ ಹೋಯಿತು, ಎಷ್ಟು ಬಾಕಿ. ಮೀನು ತಿನ್ನದ ಮನುಷ್ಯ ಮೀನಿನ ಲೆಕ್ಕ ಬರೆದರೆ ಕದಿಯುವುದಿಲ್ಲ ಅಂತ ಅವರ ತಮಾಷೆ. ಲೆಕ್ಕ ಪಕ್ಕಾ ಇತ್ತು ಅಂತ ಆಮೇಲೆ ಅವರೇ ಹೇಳಿದರು. ನಿಮಗೆ ಗುಮಾಸ್ತರ ಕೊರತೆ ಇರಲಿಲ್ಲ ಅಂತ ನನಗೆ ಗೊತ್ತು ಅಣ್ಣಾ.

ಮಳೆಗಾಲದಲ್ಲಿ ಜಲಾಶಯದ ಕೆಳಗೆ ಇಳಿಯಬೇಡಿ ಅಂತ ನಮ್ಮನ್ನು ತಡೆದದ್ದೂ ನೀವೇ. ಮಾರ್ಕೋನಹಳ್ಳಿಯ ಸೈಫನ್‌ಗಳನ್ನು, ಅಂದರೆ ಹೆಚ್ಚಾದ ನೀರನ್ನು ಹೊರಹಾಕುವ ಕೊಳವೆಗಳನ್ನು, ಯಾರೂ ತಿರುಗಿಸಬೇಕಿಲ್ಲ. ನೀರು ಮಟ್ಟ ಮುಟ್ಟಿತೋ, ತಾನಾಗೇ ಎಳೆದು ಹೊರಗೆ ಸುರಿಯುತ್ತದೆ. ಕೆಳಗೆ ಯಾರಿದ್ದಾರೆ ಅಂತ ಅದು ನೋಡುವುದಿಲ್ಲ. ಓಡಿ ಬರಲಾಗದ ಕಾಲಿಟ್ಟುಕೊಂಡು ಅಲ್ಲಿ ನಿಂತಿದ್ದರೆ ಏನಾಗುತ್ತಿತ್ತೋ. ಇದನ್ನು ಓದುವ ಉಳಿದವರೂ ದಯವಿಟ್ಟು ನೆನಪಿಡಿ. ನೀರು ಕಡಿಮೆ ಇದೆ ಅಂತ ಕಂಡರೂ ಅಲ್ಲಿ ಇಳಿಯಬೇಡಿ.

ಮಳೆಗಾಲ ಮುಗಿಯುವ ಹೊತ್ತಿಗೆ ಇವರು ಮೆಲ್ಲಗೆ ಓಡತೊಡಗಿದರು. ಅಷ್ಟರಲ್ಲಿ ನಾನು ಇವರಿಗಿಂತ ಮುಂದಿದ್ದೆ. ಇದನ್ನು ಬರಹದಲ್ಲಿ ದಾಖಲಿಸುವುದು ನನ್ನ ಹಕ್ಕು. ದುರ್ಗಕ್ಕೆ ಹೋಗೋಣ ಅಂದದ್ದು ಇವರು. ಅರಣ್ಯ ಇಲಾಖೆಯ ವಾಚರ್ ಒಬ್ಬರು, ಬೆಳಕು ಪೂರ್ತಿ ಹರಿಯುವ ತನಕ ಕಾಡಿನ ದಾರಿಗೆ ಕಾಲಿಡಬೇಡಿ, ಕರಡಿ ಚಿರತೆ ಎರಡೂ ಇವೆ ಅಂತ ಎಚ್ಚರಿಸಿದ್ದರು. ಹಾಗಾಗಿ ತಡವಾಗಿಯೇ ಹೊರಟೆವು. ಕರಡಿ ಕಾಣಲಿಲ್ಲ. ಬಂಡೆಗಳ ಕಡೆ ಹಳದಿ ಕೊರಳಿನ ಪಿಕಳಾರ ಕಾಣಬಹುದು ಅಂತ ಗುಂಪಿನ ಹಕ್ಕಿ ಹುಚ್ಚರು ಹೇಳಿದ್ದರು, ನನಗೆ ಕಂಡದ್ದು ನನ್ನ ಶೂ ಮಾತ್ರ. ನಾಮದ ಚಿಲುಮೆ ಬಳಿ ಬೆಳಗಿನ ಗುಂಪಿನವರು ಕಿತ್ತಳೆ, ಕಡಲೆ ಮಿಠಾಯಿ, ಉಪ್ಪು ಹಾಕಿದ ನಿಂಬೆ ಪಾನಕ ಹಿಡಿದು ಕಾಯುತ್ತಿದ್ದರು. ಒಬ್ಬರ ಕೈಯಲ್ಲಿ ಅದೇ ಸ್ಟಾಪ್‌ವಾಚ್. ಅಲ್ಲಿಂದ ಮುಂದೆ ಏರು. ಕಡಿದಾದ ತಿರುವುಗಳಲ್ಲಿ ಇಬ್ಬರೂ ನಡೆದೆವು, ಅದಕ್ಕೇನಂತೆ. ಕೆಳಗಿನ ಭೋಗ ನರಸಿಂಹನಿಗೆ ಕೈಮುಗಿದು, ಉಸಿರು ಸುಧಾರಿಸಿಕೊಂಡು, ಮೇಲಿನ ಯೋಗ ನರಸಿಂಹನ ಮೆಟ್ಟಿಲನ್ನು ನಿಧಾನವಾಗಿ ಹತ್ತಿದೆವು. ಮೇಲೆ ನಿಂತು ಇವರು ಒಂದು ಮಾತು ಹೇಳಿದರು. ಶಿಂಷಾ ನದಿ ಹುಟ್ಟುವುದು ಈ ಬೆಟ್ಟದಲ್ಲಿ. ಮಾರ್ಕೋನಹಳ್ಳಿಯಲ್ಲಿ ನಾನು ಗಾಳ ಹಾಕಿ ಬೆಳೆದದ್ದು ಅದೇ ನೀರಿಗೆ. ಹಾಗಾದರೆ ಇದು ನಿನ್ನ ತವರಿನ ಮೇಲಿನ ಮನೆ ಅಂದರು.

ಇಳಿಯುವಾಗ ಓಡಲಿಲ್ಲ. ಏರಿಗಿಂತ ಇಳಿಜಾರು ಮಂಡಿಗೆ ಕಷ್ಟ, ಹೆಜ್ಜೆ ಹೆಜ್ಜೆಗೂ ತೊಡೆ ಬ್ರೇಕು ಹಿಡಿಯಬೇಕು. ಮೇಡಂ ಆಜ್ಞೆಯಂತೆ ಸ್ನೇಹಿತರ ಕಾರಿನಲ್ಲಿ ಬಂದೆವು. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ನಿಲ್ಲಿಸಿದವರು, ಬಿಲ್ಲು ಕೊಡಲು ಬಿಡದವರು, ನಿಮಗೆ ಒಂದು ಊಟ ಬಾಕಿ ಇದೆ. ಅಪ್ಪನಿಗೆ, ಅತ್ತೆಗೆ ಬಾಯಿಬಿಟ್ಟು ಥ್ಯಾಂಕ್ಸ್ ಹೇಳಿದರೆ ಬೈಯುತ್ತಾರೆ, ಅದನ್ನೂ ಇಲ್ಲಿಯೇ ಸೇರಿಸಿಬಿಡುತ್ತೇನೆ.

ಕೊನೆಗೆ ಒಂದು ವಿಷಯ. ನಮ್ಮ ಮನೆಯಲ್ಲಿ ಒಂದು ಜೊತೆ ಊರುಗೋಲು, ಒಂದು ವಾಕರ್, ಬಚ್ಚಲಲ್ಲಿ ಇಡುವ ಎತ್ತರದ ಸ್ಟೂಲು, ಐಸ್ ಪ್ಯಾಕುಗಳು ಸುಮ್ನೆ ಬಿದ್ದಿವೆ. ಎಲ್ಲವೂ ಚೆನ್ನಾಗಿವೆ. ತುಮಕೂರು, ಗುಬ್ಬಿ, ಕುಣಿಗಲ್ ಕಡೆ ಯಾರಿಗಾದರೂ ಬೇಕಿದ್ದರೆ ಕೇಳಿ, ನಾವೇ ತಂದುಕೊಡುತ್ತೇವೆ. ಬಾಡಿಗೆ ಗೀಡಿಗೆ ಏನಿಲ್ಲ. ಕೆಲಸ ಮುಗಿದ ಮೇಲೆ ಮುಂದಿನವರಿಗೆ ದಾಟಿಸಿದರೆ ಸಾಕು.