ಆರಿದ್ರಾ ಮಂಕಾದ ವರ್ಷದ ವಹಿ

ಕಲಬುರಗಿ

ಚಿರಂಜೀವಿ ಮಗಳಿಗೆ ಕಾಕಾನ ಆಶೀರ್ವಾದಗಳು. ಇತ್ತ ನಾವೆಲ್ಲ ಕ್ಷೇಮ.

ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಖಗೋಳಶಾಸ್ತ್ರದ ಎಂ.ಎಸ್ಸಿ.ಗೆ ಅರ್ಜಿ ಹಾಕುತ್ತೀಯಂತೆ, ಅಣ್ಣ ಫೋನ್ ಮಾಡಿದ್ದ. "ಚುಕ್ಕಿ ಎಣಿಸಿದರ ಹೊಟ್ಟಿ ತುಂಬತದೇನೋ ತಮ್ಮಾ?" ಎಂದ. ಅವನಿಗೆ ಏನು ಹೇಳಿದೆ ಎಂಬುದು ಆಮೇಲೆ. ಮೊದಲು ನಿನ್ನ ಮಾತು.

ಮೊನ್ನೆ ಕಪಾಟಿನಲ್ಲಿ ನಿನ್ನ ಹಳೆಯ ವಹಿ ಸಿಕ್ಕಿತು. 2020ರ ಫೆಬ್ರುವರಿ, ನೀನಾಗ ಒಂಬತ್ತನೇ ಕ್ಲಾಸು. ತೊಗರಿ ರಾಶಿ ಮುಗಿದಿತ್ತು. ಮಾಳಿಗೆ ಮೇಲೆ ಕೌದಿ ಹೊದ್ದು ಕೂತು ದಿನಾ ಆರಿದ್ರಾ ನಕ್ಷತ್ರ ನೋಡುತ್ತಿದ್ದೆವು. "ಇವತ್ತೂ ಆರಿದ್ರಾ ರೋಹಿಣಿಗಿಂತ ಮಂಕು" ಎಂದು ಪೆನ್ಸಿಲಿನಲ್ಲಿ ಬರೆದು ಎರಡು ಗೆರೆ ಎಳೆದಿದ್ದೀ. ಉಳಿದ ವರ್ಷಗಳಲ್ಲಿ ಆರಿದ್ರಾದ್ದೇ ಹೊಳಪು ಹೆಚ್ಚು. ಪಕ್ಕಕ್ಕೆ ಒಂದೇ ಮಾತು: "ಯಾಕೆ?"

ಆ ಯಾಕೆ ನಮ್ಮಿಬ್ಬರ ಕೈಗೆ ಸಿಗಲಿಲ್ಲ. ಚಿಲಿ ದೇಶದ ದೊಡ್ಡ ದೂರದರ್ಶಕ ತೆಗೆದ ಚಿತ್ರಗಳಲ್ಲಿ ನಕ್ಷತ್ರದ ದಕ್ಷಿಣದ ಭಾಗವಷ್ಟೇ ಕಪ್ಪಿಟ್ಟಿತ್ತು. ನಕ್ಷತ್ರ ತಾನೇ ಹೊರಹಾಕಿದ ಅನಿಲ ತಣಿದು ಧೂಳಾಗಿ ಬೆಳಕಿಗೆ ಅಡ್ಡ ನಿಂತಿತ್ತು ಎಂದು 2021ರಲ್ಲಿ ವಿಜ್ಞಾನಿಗಳು ಬಿಡಿಸಿ ಹೇಳಿದರು. ಅನಿಲ ಎಷ್ಟು ತಣಿದರೆ ಧೂಳು ಕಟ್ಟುತ್ತದೆ, ಆ ಧೂಳು ಯಾವ ಬಣ್ಣದ ಬೆಳಕನ್ನು ಎಷ್ಟು ತಡೆಯುತ್ತದೆ ಎಂಬ ಲೆಕ್ಕವಿಲ್ಲದೆ ಅದನ್ನು ಹೇಳಲಾಗದು. ನೀನು ಓದಲು ಹೊರಟಿರುವುದು ಈ ಲೆಕ್ಕವನ್ನು, ತಾಯಿ. ಆಕಾಶ ನೋಡುವ ರಾತ್ರಿಗಳು ಕಡಿಮೆ. ಕ್ವಾಂಟಂ ಮೆಕ್ಯಾನಿಕ್ಸ್ ಓದುವ, ಕಂಪ್ಯೂಟರಿನಲ್ಲಿ ಪೈಥಾನ್ ಪ್ರೋಗ್ರಾಂ ಬರೆಯುವ ಹಗಲುಗಳೇ ಜಾಸ್ತಿ.

ಡಿಫರೆನ್ಷಿಯಲ್ ಈಕ್ವೇಶನ್ ಗೈಡು ಓದಿ ಪಾಸಾದೆ ಎಂದು ನೀನೇ ಹೇಳಿದ್ದೆ. ಈ ಬೇಸಿಗೆಯಲ್ಲಿ ಅದನ್ನು ಮೊದಲಿನಿಂದ ಹಿಡಿ, ಒಂದೊಂದು ಲೆಕ್ಕವನ್ನೂ ಕೈಯಾರೆ ಬಿಡಿಸು. ನಾನು ಎಂ.ಎಸ್ಸಿ. ಅರ್ಧಕ್ಕೆ ಬಿಟ್ಟು ಬಂದದ್ದು ಇದೇ ಗಣಿತಕ್ಕೆ. ತಿಳಿಯಲಿಲ್ಲ ಎಂದು ಎದ್ದು ಕೇಳಲು ನಾಚಿಕೆಪಟ್ಟೆ. ನೀನು ಕೇಳು. ಹತ್ತು ಸಲ ಕೇಳು.

ಹೈದರಾಬಾದ್ ನಮಗೆ ಪರವೂರಲ್ಲ. 1956ರ ತನಕ ಕಲಬುರಗಿ ಆ ರಾಜ್ಯದ್ದೇ ಜಿಲ್ಲೆ. ಅಲ್ಲಿನ ನಿಜಾಮಿಯಾ ವೀಕ್ಷಣಾಲಯ 1919ರಲ್ಲಿ ಉಸ್ಮಾನಿಯಾಕ್ಕೆ ಸೇರಿತು. ಮುಂದೆ ತಮಿಳುನಾಡಿನ ಕಾವಲೂರಿನ ವೀಕ್ಷಣಾಲಯ ಕಟ್ಟಿದ ಖಗೋಳ ವಿಜ್ಞಾನಿ ವೇಣು ಬಾಪು ಅವರ ತಂದೆ ಕೆಲಸಕ್ಕಿದ್ದದ್ದು ಅದೇ ನಿಜಾಮಿಯಾದಲ್ಲಿ. ಆದರೆ ನಿನ್ನ 371(ಜೆ) ಸರ್ಟಿಫಿಕೇಟು ಅಲ್ಲಿ ನಡೆಯುವುದಿಲ್ಲ, ಅದು ನಮ್ಮ ಕಲ್ಯಾಣ ಕರ್ನಾಟಕದವರಿಗೆ ಕರ್ನಾಟಕದೊಳಗೆ ಸಿಗುವ ಮೀಸಲಾತಿಯ ಸವಲತ್ತು. ಸೀಟು ಸಿಗದಿದ್ದರೆ ಅಳುತ್ತ ಕೂರಬೇಡ. ಇಲ್ಲೇ ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರಕ್ಕೆ ಸೇರು. ಪುಣೆಯ ಖಗೋಳ ಸಂಶೋಧನಾ ಕೇಂದ್ರ ಐಯುಕಾ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಎರಡೂ ಭೌತಶಾಸ್ತ್ರ ಓದಿದವರನ್ನು ಪಿಎಚ್‌.ಡಿ.ಗೆ ತೆಗೆದುಕೊಳ್ಳುತ್ತವೆ.

ಅಣ್ಣನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಬರೀ ಎಂ.ಎಸ್ಸಿ. ಮೇಲೆ ಇದೇ ವಿಷಯದಲ್ಲಿ ನೌಕರಿ ಸಿಗುವುದು ಕಷ್ಟ. ನೆಟ್ ಪರೀಕ್ಷೆ ಬರೆದು ಜೆಆರ್‌ಎಫ್ ಎಂಬ ಸಂಶೋಧನಾ ವೇತನ ಸಿಕ್ಕು ಸಂಶೋಧನೆಗೆ ಸೇರಿದರೆ ತಿಂಗಳಿಗೆ 37,000 ರೂಪಾಯಿ, 2023ರಿಂದ ಅಷ್ಟು ಮಾಡಿದ್ದಾರೆ. ಸಿಗದೇ ಹೋದರೂ ಗಣಿತ, ಪ್ರೋಗ್ರಾಮಿಂಗ್ ಬಂದವಳಿಗೆ ಬೇರೆ ದಾರಿಗಳಿವೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೈದರಾಬಾದಿಗಿ ಮುಂಜಾನಿ ರೈಲು ಎಷ್ಟೊತ್ತಿಗಿ ಅದ?" ಎಂದು ಕೇಳಿದ.

ಮೈಗ್ರೇಷನ್ ಸರ್ಟಿಫಿಕೇಟಿಗೆ ರಿಸಲ್ಟ್ ಬಂದ ದಿನವೇ ಅರ್ಜಿ ಕೊಡು, ತಡ ಮಾಡಬೇಡ. ವಹಿ ನನ್ನ ಹತ್ತಿರ ಇದೆ. ಮುಂದಿನ ರವಿವಾರ ಲೆಕ್ಕ ಬಿಡಿಸಿದ ಹಾಳೆಗಳನ್ನು ತಂದು ತೋರಿಸು, ವಹಿಯನ್ನು ಒಯ್ಯಿ.

ನಿನ್ನ ಕಾಕಾ