ಹ್ಯಾಟೆ ಮರಿ ಮಾತ್ರ ಬೇಕು ಎನ್ನುವ ನಮ್ಮ ಗ್ರಾಹಕರಿಗೆ

ಪ್ರೀತಿಯ ಗ್ರಾಹಕರೇ, ನಮಸ್ಕಾರ.

ಮುಂದಿನ ತಿಂಗಳಿಂದ ನಮ್ಮ ಸಹಕಾರಿ ಮರಿ ಕೇಂದ್ರದಲ್ಲಿ ಮರಿ ಮಾರುವ ಕ್ರಮ ಬದಲಾಗುತ್ತದೆ. ಈವರೆಗೆ ಯಾವ ತಳಿಯಾದರೂ ಒಂದು ದಿನದ ಹೂಮರಿಗಳನ್ನು ಗಂಡು ಹೆಣ್ಣು ಬೆರಸಿಯೇ ಕೊಡುತ್ತಿದ್ದೆವು. ಇನ್ನು ಮೇಲೆ ಹ್ಯಾಟೆ, ಅಂದರೆ ಹೆಣ್ಣುಕೋಳಿ, ಮಾತ್ರ ಬೇಕು ಎನ್ನುವವರಿಗೆ ಎರಡು ದಾರಿ ಇರುತ್ತದೆ. ಕಂದು ಮೊಟ್ಟೆಕೋಳಿಯ ಹೆಣ್ಣುಮರಿ ಒಂದು ದಿನಕ್ಕೇ ಸಿಗುತ್ತದೆ. ನಾಟಿ ಅಥವಾ ಗಿರಿರಾಜ ತಳಿಯ ಹ್ಯಾಟೆ ಬೇಕಾದರೆ ಹತ್ತು ವಾರ ತುಂಬಿದ ಕೋಳಿಯನ್ನೇ ಕೊಳ್ಳಬೇಕು. ಗಂಡು ಹೆಣ್ಣು ಬೆರಕೆಯ ಹೂಮರಿ ಬೇಕಾದವರಿಗೆ ಅದು ಎಂದಿನಂತೆ ಇದ್ದೇ ಇರುತ್ತದೆ.

ಈ ಬದಲಾವಣೆ ನಿಮ್ಮಿಂದಲೇ ಬಂದದ್ದು. ಮೊದಲು ನಮ್ಮ ಮರಿಗಳು ಹೆಚ್ಚಾಗಿ ಹಳ್ಳಿಯ ಹಿತ್ತಿಲಿಗೆ ಹೋಗುತ್ತಿದ್ದವು. ಈಗ ಯಲಹಂಕ, ವಿದ್ಯಾರಣ್ಯಪುರ, ಕೆಂಗೇರಿ ಕಡೆಯಿಂದ ಟೆರೇಸಿನಲ್ಲಿ ಸಾಕುವವರು ಜಾಸ್ತಿ ಬರುತ್ತಿದ್ದಾರೆ. ಮನೆಗೆ ನಾಲ್ಕು ಮೊಟ್ಟೆ ಸಿಕ್ಕರೆ ಸಾಕು ಅನ್ನುವವರು ಅವರು. ಬೆರಕೆ ಮರಿಯಲ್ಲಿ ಹೆಚ್ಚುಕಡಿಮೆ ಅರ್ಧ ಗಂಡು. ಬೆಳಕು ಹರಿಯುವ ಮೊದಲೇ ಹುಂಜ ಕೂಗಿದರೆ ಗೋಡೆಗೆ ಗೋಡೆ ಅಂಟಿದ ಮನೆಗಳಲ್ಲಿ ಜಗಳ ಶುರು. ಕೂಗುವುದು ಹುಂಜದ ಸ್ವಭಾವ, ಅದನ್ನು ತಪ್ಪಿಸಲು ಆಗುವುದಿಲ್ಲ. ಪಕ್ಕದ ಮನೆಯವರ ನಿದ್ದೆಯೂ ಮುಖ್ಯ ಅಲ್ವಾ? ಇನ್ನೊಂದು ಮಾತು: ಹುಂಜ ಇಲ್ಲದಿದ್ದರೂ ಹ್ಯಾಟೆ ಮೊಟ್ಟೆ ಇಡುತ್ತದೆ. ಆ ಮೊಟ್ಟೆ ಮರಿಯಾಗುವುದಿಲ್ಲ, ಅಷ್ಟೇ. ತಿನ್ನಲು ಅದರಲ್ಲಿ ಏನೂ ಕೊರತೆ ಇಲ್ಲ.

ಕಂದು ಮೊಟ್ಟೆಕೋಳಿಯಲ್ಲಿ ಮರಿಯ ಬಣ್ಣವೇ ಗಂಡು ಹೆಣ್ಣು ಹೇಳುತ್ತದೆ. ತಂದೆ ಕೆಂಗಂದು ಬಣ್ಣದ್ದು, ರೋಡ್ ಐಲ್ಯಾಂಡ್ ರೆಡ್ ಜಾತಿಯದು. ತಾಯಿ ಆ ಕೆಂಪನ್ನು ಅಡಗಿಸುವ ಬಿಳಿ ಗುಣ ಹೊತ್ತದ್ದು. ಈ ಗುಣ ಗಂಡು ಹೆಣ್ಣನ್ನು ನಿರ್ಧರಿಸುವ ವರ್ಣತಂತುವಿನ (ಕ್ರೋಮೋಸೋಮಿನ) ಮೇಲೇ ಕೂತಿದೆ. ಕೋಳಿಗಳಲ್ಲಿ ಗಂಡಿಗೆ ಅಂಥ ವರ್ಣತಂತು ಎರಡು, ಹೆಣ್ಣಿಗೆ ಒಂದೇ, ಅದೂ ತಂದೆಯಿಂದ ಬಂದದ್ದು. ಹಾಗಾಗಿ ಹೆಣ್ಣುಮರಿ ತಂದೆಯಂತೆ ಕಂದು. ಗಂಡುಮರಿಗೆ ತಾಯಿಯ ಬಿಳಿ ಗುಣವೂ ಬಂದು ಅದೇ ಮೇಲಾಗುತ್ತದೆ, ಮೈ ತಿಳಿಹಳದಿ. ಮೊಟ್ಟೆಯೊಡೆದು ಮೈ ಒಣಗುತ್ತಿದ್ದಂತೆ ಬೇರೆ ಮಾಡಬಹುದು. ಆದರೆ ಈ ಕೋಳಿಗಳಿಂದ ಮನೆಯಲ್ಲಿ ಮರಿ ಮಾಡಿಸಿದರೆ ಮುಂದಿನ ತಲೆಮಾರಿನಲ್ಲಿ ಈ ಗುರುತು ನಡೆಯುವುದಿಲ್ಲ. ಕಂದು ಮರಿಗಳಲ್ಲಿ ಹುಂಜವೂ ಇರುತ್ತದೆ. ದಯವಿಟ್ಟು ಬಣ್ಣ ನೋಡಿ ಮೋಸ ಹೋಗಬೇಡಿ.

ನಾಟಿ ಮರಿಯ ವಿಷಯ ಹಾಗಲ್ಲ. ಕಪ್ಪು, ಕಂದು, ಪಟ್ಟೆ, ಬೂದಿ, ಒಂದೇ ಕಾವಿನಲ್ಲಿ ಎಲ್ಲ ಬಣ್ಣವೂ ಬರುತ್ತದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜವೂ ಬಗೆಬಗೆ ಬಣ್ಣದ್ದೇ. ಆ ಬಣ್ಣ ನೋಡಿ ಗಂಡು ಹೆಣ್ಣು ಹೇಳಲು ಆಗುವುದಿಲ್ಲ. ರೆಕ್ಕೆ ನೋಡಿ ಹೇಳಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಮರಿಯ ರೆಕ್ಕೆ ಬಿಡಿಸಿದರೆ ಎರಡು ಸಾಲು ಪುಕ್ಕ ಕಾಣುತ್ತದೆ. ಒಂದು ಸಾಲು ಇನ್ನೊಂದಕ್ಕಿಂತ ಉದ್ದವಿದ್ದರೆ ಹೆಣ್ಣು, ಸಮ ಇದ್ದರೆ ಗಂಡು ಅನ್ನುವುದು ಆ ಲೆಕ್ಕ. ಅದು ನಿಜವೇ. ಆದರೆ ಪುಕ್ಕ ಬೇಗ ಬರುವ ಹುಂಜಕ್ಕೆ ನಿಧಾನವಾಗಿ ಬರುವ ಹ್ಯಾಟೆಯನ್ನು ಬೇಕೆಂದೇ ಜೋಡಿ ಮಾಡಿದ ತಳಿಯಲ್ಲಿ ಮಾತ್ರ, ಅದೂ ಮೊದಲ ಒಂದೆರಡು ದಿನ ಮಾತ್ರ. ನಾಟಿಯಲ್ಲಿ ಆ ಲೆಕ್ಕ ಹಿಡಿದರೆ ಸುಮ್ನೆ ಊಹೆ.

ಇನ್ನೊಂದು ವಿಧಾನ ಜಪಾನಿನದು. 1920ರ ದಶಕದಲ್ಲಿ ಅಲ್ಲಿನ ಪಶುವೈದ್ಯ ವಿಜ್ಞಾನಿಗಳು ಅದನ್ನು ಜಗತ್ತಿಗೆ ತಿಳಿಸಿದರು. ಮರಿಯ ಬಾಲದ ಕೆಳಗಿನ ದ್ವಾರವನ್ನು ಮೆಲ್ಲಗೆ ಬಿಡಿಸಿ ಒಳಗಿನ ಸಣ್ಣ ಗುಬುಟು ನೋಡುವುದು. ಕೆಲವು ಹೆಣ್ಣುಮರಿಗಳಲ್ಲೂ ಅಂಥದ್ದೇ ಗುಬುಟು ಇರುವುದರಿಂದ ವರ್ಷಗಟ್ಟಲೆ ಕಲಿತ ಕಣ್ಣು ಬೇಕು. ಪಳಗಿದವರು ಗಂಟೆಗೆ ನೂರಾರು ಮರಿ ನೋಡಿ ಮುಗಿಸುತ್ತಾರೆ. ಪಳಗದ ಕೈ ಒತ್ತಿದರೆ ಹೊಟ್ಟೆಯೊಳಗಿನ ಹಳದಿ ಭಂಡಾರ ಒಡೆದು ಮರಿ ಸಾಯಬಹುದು. ನಮ್ಮ ಮರಿಗಳ ಮೇಲೆ ಅದನ್ನು ಪ್ರಯೋಗ ಮಾಡಲು ನಮಗೆ ಮನಸ್ಸಿಲ್ಲ. ನೀವೂ ಮನೆಯಲ್ಲಿ ಮಾಡಬೇಡಿ.

ಚೂಪು ಮೊಟ್ಟೆ ಗಂಡು, ದುಂಡು ಮೊಟ್ಟೆ ಹೆಣ್ಣು ಎಂದು ಹಿರಿಯರು ಹೇಳುವುದನ್ನು ನಾವೂ ಕೇಳಿ ಬೆಳೆದವರೇ. ಆದರೆ ಚಿಪ್ಪು ಕೂರುವ ಮೊದಲೇ, ಮೊಟ್ಟೆಯ ಹಳದಿಯು ತಾಯಿಯ ಅಂಡಾಶಯ ಬಿಡುವ ಹೊತ್ತಿಗೇ, ಗಂಡೋ ಹೆಣ್ಣೋ ತೀರ್ಮಾನವಾಗಿರುತ್ತದೆ. ಚಿಪ್ಪಿನ ಆಕಾರಕ್ಕೂ ಅದಕ್ಕೂ ಸಂಬಂಧವಿಲ್ಲ. ಮೊಟ್ಟೆಯ ಮೇಲೆ ದಾರದಲ್ಲಿ ಉಂಗುರ ತೂಗಿ ನೋಡುವುದೂ ಅಷ್ಟೇ.

ಹಾಗಾದರೆ ಹತ್ತು ವಾರವೇ ಏಕೆ? ಐದಾರು ವಾರಕ್ಕೆ ಹುಂಜದ ಜುಟ್ಟು ದೊಡ್ಡದಾಗಿ ಕೆಂಪೇರತೊಡಗುತ್ತದೆ, ಕಾಲು ದಪ್ಪವಾಗುತ್ತದೆ. ಆದರೆ ಕೆಲವು ಹ್ಯಾಟೆಗಳ ಜುಟ್ಟೂ ಬೇಗ ಬೆಳೆಯುತ್ತದೆ. ಹತ್ತು ವಾರದ ಸುಮಾರಿಗೆ ಹುಂಜದ ಕತ್ತಿನಲ್ಲಿ, ಬಾಲದ ಬುಡದಲ್ಲಿ ಚೂಪಾದ, ಮಿರುಗುವ ಉದ್ದ ಪುಕ್ಕ ಮೂಡಿರುತ್ತದೆ. ಹ್ಯಾಟೆಯಲ್ಲಿ ಅದೇ ಪುಕ್ಕದ ತುದಿ ದುಂಡಗೆ. ಬೋಳುಕತ್ತಿನ ನಾಟಿಯಾದರೆ ಬಾಲದ ಬುಡ ಮಾತ್ರ ನೋಡಬೇಕು. ಜುಟ್ಟು, ಕಾಲು, ಪುಕ್ಕ ಮೂರೂ ಒಂದೇ ಮಾತು ಹೇಳಿದರೆ ಮಾತ್ರ ನಾವು ಹ್ಯಾಟೆ ಎಂದು ಕಾಲಿಗೆ ಬಳೆ ಹಾಕುತ್ತೇವೆ. ಒಂದು ಅನುಮಾನವಿದ್ದರೂ ಆ ಕೋಳಿ ಶೆಡ್ಡಿನಲ್ಲೇ ಉಳಿಯುತ್ತದೆ.

ಹತ್ತು ವಾರದ ಕೋಳಿಯ ಬೆಲೆ ಹೂಮರಿಗಿಂತ ಜಾಸ್ತಿ ಇರುತ್ತದೆ. ಅಷ್ಟು ದಿನದ ಆಹಾರ, ಮೊದಲ ವಾರಗಳ ಕಾವು, ಕೊಕ್ಕರೆ ಮತ್ತು ಗಂಬೋರೊ ಎಂಬ ಕೋಳಿರೋಗಗಳ ಲಸಿಕೆ ಎಲ್ಲವೂ ಅದರಲ್ಲಿ ಸೇರಿದೆ. ಹೂಮರಿಗೆ ಮೊದಲ ವಾರ ಸುಮಾರು 35 ಡಿಗ್ರಿ ಬಿಸಿ ಬೇಕು, ಟೆರೇಸಿನಲ್ಲಿ ಅದು ಕಷ್ಟ. ಹತ್ತು ವಾರದ ಕೋಳಿಗೆ ಆ ತಾಪತ್ರಯ ಇಲ್ಲ. ನಾಟಿ ಹ್ಯಾಟೆ ಮೊಟ್ಟೆಗೆ ಬರಲು ಸುಮಾರು ಆರು ತಿಂಗಳು ಬೇಕು, ಆದ್ದರಿಂದ ಮನೆಗೆ ಒಯ್ದ ಮೇಲೂ ಮೂರೂವರೆ ತಿಂಗಳು ಕಾಯಬೇಕಾಗುತ್ತದೆ.

ಗಂಡುಮರಿಗಳನ್ನು ಏನು ಮಾಡುತ್ತೀರಿ ಎಂದು ಕೇಳುವವರಿದ್ದೀರಿ. ಕೇಳಲೇಬೇಕಾದ ಪ್ರಶ್ನೆ. ಮೊಟ್ಟೆ ತಳಿಯ ಗಂಡುಮರಿಯನ್ನು ಹುಟ್ಟಿದ ದಿನವೇ ಕೊಲ್ಲುವ ಪದ್ಧತಿ ಜಗತ್ತಿನ ಎಷ್ಟೋ ಕಡೆ ಇದೆ. ಜರ್ಮನಿ 2022ರಿಂದ ಅದನ್ನು ಕಾನೂನಿನಲ್ಲೇ ನಿಲ್ಲಿಸಿತು. ನಮ್ಮಲ್ಲಿ ಒಂದನ್ನೂ ಹಾಗೆ ಕೊಲ್ಲುವುದಿಲ್ಲ. ತಿಳಿಹಳದಿ ಮರಿಗಳನ್ನೂ ನಾಟಿ ಹುಂಜಗಳನ್ನೂ ನಮ್ಮ ಸದಸ್ಯರೇ ಸಾಕಿ ಮಾಂಸಕ್ಕೆ ಮಾರುತ್ತಾರೆ. ಯುಗಾದಿಯ ಹೊಸತೊಡಕಿಗೆ ನಾಟಿ ಹುಂಜಕ್ಕೆ ಎಷ್ಟು ಬೇಡಿಕೆ ಎಂದು ನಿಮಗೆ ಗೊತ್ತು. ಬೇಕಾದವರು ಈಗಲೇ ಹೆಸರು ಬರೆಸಿ.

ಹ್ಯಾಟೆ ಬೇಕಾದವರು ಮುಂಗಡ ಕೊಟ್ಟು ಕಾದಿರಿಸಬೇಕು. ಬಳೆ ಹಾಕಿ ಕೊಟ್ಟ ಕೋಳಿ ಹುಂಜ ಎಂದು ಕಂಡರೆ ಬಳೆಯೊಂದಿಗೆ ವಾಪಸ್ ತನ್ನಿ, ಬದಲಿಗೆ ಅದೇ ವಯಸ್ಸಿನ ಹ್ಯಾಟೆ ಕೊಡುತ್ತೇವೆ. ಈಗಾಗಲೇ ಬೆರಕೆ ಹೂಮರಿಗೆ ಮುಂಗಡ ಕಟ್ಟಿದವರು ಬೇಕಿದ್ದರೆ ಆ ಹಣವನ್ನು ಹತ್ತು ವಾರದ ಕೋಳಿಗೆ ಹೊಂದಿಸಿಕೊಳ್ಳಬಹುದು. ಕೋಳಿ ಒಯ್ಯಲು ಬರುವಾಗ ಗಾಳಿಯಾಡುವ ಬುಟ್ಟಿ ತನ್ನಿ, ಪ್ಲಾಸ್ಟಿಕ್ ಚೀಲ ಬೇಡ.

ಇಂತಿ,
ಮರಿ ಕೇಂದ್ರದ ಸದಸ್ಯರೆಲ್ಲರ ಪರವಾಗಿ
ಹೆಸರಘಟ್ಟ ರಸ್ತೆ, ಬೆಂಗಳೂರು