ವಾಕರ್ ಕಾಲು ಕತ್ತರಿಸಿಕೊಟ್ಟ ಅಣ್ಣನಿಗೆ

ಅಣ್ಣಾ, ನಿಮ್ಮ ಹೆಸರು ಕೇಳೋದೇ ಮರೆತುಹೋಯಿತು. ಸೊಂಟದ ಕೀಲು ಬದಲಿಸುವ ಆಪರೇಷನ್ ಅಂತ ನಾನು ಆಸ್ಪತ್ರೆಯಲ್ಲಿದ್ದಾಗ ಪಕ್ಕದ ಬೆಡ್‌ನಲ್ಲಿ ನಿಮ್ಮ ತಾಯಿ ಇದ್ದರು, ಅಷ್ಟೇ ಗೊತ್ತು.

ನಮ್ಮದು ಸಾಗರದ ಕಡೆ. 1970ರ ದಶಕದಲ್ಲಿ ಅಲ್ಲಿನ ಹಂದಿಗೋಡು ಎಂಬ ಹಳ್ಳಿಯಲ್ಲಿ ಮೊದಲು ಕಂಡುಬಂದ ‘ಹಂದಿಗೋಡು ಕಾಯಿಲೆ’ ಇದೆಯಲ್ಲ, ಅದೇ ನನಗೂ. ಸೊಂಟದ ಕೀಲು ಸವೆಯುತ್ತದೆ, ಕೆಲವರು ಕುಳ್ಳಗೇ ಉಳಿಯುತ್ತಾರೆ. ನನ್ನ ಎತ್ತರ ಮೂರೂಮುಕ್ಕಾಲು ಅಡಿ, ವಯಸ್ಸು 29. ಹಾಕುವ ಕೃತಕ ಕೀಲೂ ಸವೆಯುತ್ತದೆ, ಮುಂದೆ ಮತ್ತೆ ಆಪರೇಷನ್ ಬೇಕಾಗಬಹುದು ಅಂತ ಡಾಕ್ಟರ್ ಮೊದಲೇ ಹೇಳಿದ್ದರು. ನನ್ನ ತೊಡೆಮೂಳೆಯ ಟೊಳ್ಳು ಕಿರಿದು. ಸಿಟಿ ಸ್ಕ್ಯಾನ್ ಮಾಡಿ, ಅಳತೆ ತೆಗೆದು, ಸಣ್ಣ ಕೀಲು ತರಿಸಿದರು.

ಒಳಗಿನದಕ್ಕೆ ಅಷ್ಟೆಲ್ಲ ಅಳತೆ. ಹೊರಗಿನದಕ್ಕೆ? ವಾಕರ್ ಎಷ್ಟು ತಗ್ಗಿಸಿದರೂ ಹಿಡಿ ನನ್ನ ಎದೆಮಟ್ಟಕ್ಕೆ! ಎತ್ತರದ ಕಮೋಡ್ ಮೇಲೆ ಕೂತರೆ ಕಾಲು ನೇತಾಡುತ್ತಿತ್ತು. ಮಕ್ಕಳ ವಾಕರ್ ಕೇಳಿದರೆ ‘ಸ್ಟಾಕ್ ಇಲ್ಲ’.

ನೀವು ಸುಮ್ನೆ ನೋಡುತ್ತಿದ್ದಿರಿ. ಮಧ್ಯಾಹ್ನ ಒಂದು ದಾರ ತಂದು, ನನ್ನ ಮಣಿಕಟ್ಟಿನಿಂದ ನೆಲದವರೆಗೆ ಅಳೆದು, ಗಂಟು ಹಾಕಿಕೊಂಡು ಹೋದಿರಿ. ಸಂಜೆ ವಾಕರ್ ವಾಪಸ್ ಬಂತು. ನಾಲ್ಕೂ ಕಾಲು ಕತ್ತರಿಸಿ, ಅಂಚು ಉಜ್ಜಿಸಿ, ರಬ್ಬರ್ ಬುಷ್ ಮತ್ತೆ ಹಾಕಿಸಿದ್ದಿರಿ. ಜೊತೆಗೆ ಕಾಲಿಡೋಕೆ ಒಂದು ಮಣೆ. ದುಡ್ಡು ಕೊಡಲು ಹೋದರೆ, “ಇರ್ಲಿ ಬಿಡಮ್ಮ, ನಾನಿಲ್ಲದಾಗ ಅಮ್ಮನ ಹತ್ರ ಮಾತಾಡ್ತಿರು” ಅಂದಿರಿ. ಅವರೇ ಜಾಸ್ತಿ ಮಾತಾಡಿದ್ದು, ಅದು ಬೇರೆ!

ಮೊನ್ನೆ ಗದ್ದೆಯವರೆಗೆ ಕೋಲಿಲ್ಲದೆ ಹೋಗಿಬಂದೆ. ವಾಕರ್ ಈಗ ನಮ್ಮೂರಿನ ಇನ್ನೊಬ್ಬ ಹುಡುಗನ ಮನೆಯಲ್ಲಿದೆ. ಅವನಿಗೆ ಒಂದಿಂಚು ಗಿಡ್ಡವಾಯಿತಂತೆ.

ತುಂಬಾ ಥ್ಯಾಂಕ್ಸ್ ಅಣ್ಣಾ. ಅಮ್ಮ ಈಗ ಹೇಗಿದ್ದಾರೆ?